ಏಳನೆಯ ಪೆಟ್ಟಿಗೆ ಅಲ್ಲಿರಲಿಲ್ಲ

ನನಗೆ ಮದುವೆಯಾಯಿತು! — ಕ್ಷಮಿಸಿ. ಮೊದಲು ನಮಸ್ಕಾರ ಹೇಳಬೇಕಿತ್ತು. ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನ ತಾಯಿಯವರಿಗೆ, ಅಕ್ಕನ ಯಜಮಾನರಾದ ನಮ್ಮ ಭಾವನವರಿಗೆ, ಸೈಕಲ್ ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಬೆಟ್ಟ ಹತ್ತಿ ಇಳಿಯುವ ನನ್ನ ಜೊತೆಗಾರರಿಗೆ, ಆಂಬುಲೆನ್ಸ್ ಕರೆ ಕೇಂದ್ರದಿಂದ ಪಾಳಿ ಬದಲಾಯಿಸಿಕೊಂಡು ಬಂದಿರುವ ಸಹೋದ್ಯೋಗಿಗಳಿಗೆ — ಎಲ್ಲರಿಗೂ ನಮಸ್ಕಾರ.

ಶ್ರದ್ಧಾಂಜಲಿ ಸಭೆಯಲ್ಲಿ ಮೈಕ್ ಹಿಡಿದು ಮದುವೆ ಸುದ್ದಿ ಹೇಳುವವಳಿಗೆ ತಲೆ ಕೆಟ್ಟಿದೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಈ ಸುದ್ದಿಯನ್ನು ಮೊದಲು ಕೇಳಬೇಕಾಗಿದ್ದವಳು ಅಕ್ಕ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವರೇ ನಾನೂ ನಮ್ಮವರೂ ನೇರ ಆಸ್ಪತ್ರೆಗೆ ಓಡಿದೆವು. ಕೈತುಂಬ ಹೂವು, ಕಾಲಿಗೆ ಕಚ್ಚುವ ಹೊಸ ಚಪ್ಪಲಿ, ಮುಖದ ತುಂಬ ಹಲ್ಲು. ವಾರ್ಡಿನ ಬಾಗಿಲಲ್ಲೇ ಕೂಗಬೇಕು ಎಂದು ಬಾಯಿ ತೆರೆದೆ. ಮಂಚ ಖಾಲಿ ಇತ್ತು. ನರ್ಸ್ ಒಬ್ಬರು ಹಾಸಿಗೆಗೆ ಹೊಸ ಬಟ್ಟೆ ಹಾಸುತ್ತಿದ್ದರು. ತೆರೆದ ಬಾಯಿ ಹಾಗೇ ಉಳಿಯಿತು, ಸುದ್ದಿಯೂ ಒಳಗೇ ಉಳಿಯಿತು. ಈ ಹೊತ್ತು ಅವಳ ಫೋಟೊ ನೋಡಿದ ತಕ್ಷಣ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

ಅಮ್ಮಾ, ನೀವು ಸ್ವಲ್ಪ ನಕ್ಕಿರಿ. ನಾನು ನೋಡಿದೆ. ನನಗೆ ಅಷ್ಟು ಸಾಕು.

ಇನ್ನು ಸಿಹಿ ಮಾತು ಮುಗಿಯಿತು. ‘ಅವರ ಒಳ್ಳೆ ಗುಣ ನಾಲ್ಕು ಹೇಳಿ ಬೇಗ ಮುಗಿಸಮ್ಮ’ ಎಂದು ಕಾರ್ಯದರ್ಶಿಗಳು ಬಾಗಿಲಲ್ಲೇ ನನಗೆ ಅಪ್ಪಣೆ ಕೊಟ್ಟಿದ್ದಾರೆ. ಗುಣ ಹೇಳುತ್ತೇನೆ ಸಾರ್. ಬೇಗ ಮುಗಿಸುತ್ತೇನೆ ಎಂದು ಮಾತ್ರ ನಾನು ಒಪ್ಪಿಕೊಂಡಿಲ್ಲ.

ಬಾಗಿಲಿಗೆ ಕಟ್ಟಿರುವ ಬ್ಯಾನರ್ ಎಲ್ಲರೂ ನೋಡಿದ್ದೀರಿ. ‘ನಮ್ಮ ಹೆಮ್ಮೆಯ ಚಾಂಪಿಯನ್‌ಗೆ ಕಂಬನಿ.’ ಫೋಟೊದಲ್ಲಿ ಅಕ್ಕ ಸೈಕಲ್ ಮೇಲಿದ್ದಾಳೆ, ಕೆನ್ನೆಗೆಲ್ಲ ಕೆಸರು ಹಾರಿದೆ, ಬಾಯಿ — ಇಷ್ಟಗಲ — ತೆರೆದಿದೆ. ಒಳಗೆ ಬರುವಾಗ ನನ್ನ ಮುಂದಿದ್ದವರು ಹೇಳುತ್ತಿದ್ದರು: ‘ಎಂಥಾ ಖುಷಿ ನೋಡಿ, ಗೆದ್ದೆ ಅಂತ ಕೂಗ್ತಿದಾರೆ.’ ಅಲ್ಲ ಸ್ವಾಮಿ. ಆ ಫೋಟೊ ತೆಗೆದ ಗಳಿಗೆಯಲ್ಲಿ ನಾನು ಫಿನಿಶ್ ಗೆರೆಯ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಇನ್ನೊಂದು ಕೈಗೆ ಪ್ಲಾಸ್ಟರ್ ಹಾಕಿದ್ದರು, ಅದಕ್ಕೇ ಆ ದಿನ ನಾನು ಸ್ಪರ್ಧೆಗೆ ಇಳಿದಿರಲಿಲ್ಲ. ಅಕ್ಕ ಕೂಗುತ್ತಿದ್ದದ್ದು ಏನೆಂದು ನನಗೆ ಗೊತ್ತು. ‘ಏಳನೇ ಪೆಟ್ಟಿಗೆ ಅಲ್ಲಿಲ್ಲ! ಯಾರಾದ್ರೂ ಹೋಗಿ ನೋಡಿ, ಏಳನೇ ಪೆಟ್ಟಿಗೆ ಅಲ್ಲಿಲ್ಲ!’

ಆ ಕೂಗನ್ನೇ ದೊಡ್ಡದು ಮಾಡಿಸಿ, ಬಣ್ಣ ಏರಿಸಿ, ನಾಲ್ಕು ಮೂಲೆಗೂ ಹಗ್ಗ ಕಟ್ಟಿ ನೇತುಹಾಕಿದ್ದೀರಿ. ಆ ರೇಸಿನ ಫಲಿತಾಂಶದಲ್ಲಿ ಅಕ್ಕನ ಹೆಸರಿನ ಮುಂದೆ ಇವತ್ತಿಗೂ ‘ಅನರ್ಹ’ ಎಂದೇ ಇದೆ. ಬದುಕಿದ್ದಾಗ ಅನರ್ಹಳಾಗಿದ್ದವಳು ಸತ್ತ ಮೇಲೆ ಚಾಂಪಿಯನ್ ಆದದ್ದು ಹೇಗೆ ಸಾರ್?

— ಕೂತುಕೊಳ್ಳಿ ಸಾರ್. ಮೈಕ್ ಚೆನ್ನಾಗಿಯೇ ಇದೆ. ನೀವು ಎದ್ದು ಬಂದು ಸರಿಮಾಡುವುದೇನೂ ಇಲ್ಲ.

ನಮ್ಮ ಆಟ ಗೊತ್ತಿಲ್ಲದವರೂ ಇಲ್ಲಿದ್ದೀರಿ, ನಿಮಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಬೆಟ್ಟ, ಕಾಡು, ಅಲ್ಲಿ ಜೇಡರ ಬಲೆಯ ಹಾಗೆ ಕಾಲುದಾರಿಗಳು. ಹೊರಡುವ ಗಳಿಗೆಯಲ್ಲಿ ಕೈಗೆ ಒಂದು ನಕ್ಷೆ ಕೊಡುತ್ತಾರೆ, ಅದಕ್ಕೆ ಮೊದಲು ನೋಡುವಂತಿಲ್ಲ. ನಕ್ಷೆಯ ಮೇಲೆ ಅಲ್ಲಲ್ಲಿ ಸಂಖ್ಯೆ ಬರೆದ ವೃತ್ತಗಳು. ಪ್ರತಿ ವೃತ್ತದ ಜಾಗದಲ್ಲಿ ಒಂದು ಕಿತ್ತಳೆ-ಬಿಳಿ ಬಾವುಟ, ಅದರ ಕೆಳಗೆ ಅಂಗೈಯಷ್ಟಗಲದ ಪೆಟ್ಟಿಗೆ. ಬೆರಳಿಗೆ ಸಿಕ್ಕಿಸಿಕೊಂಡ ಎಲೆಕ್ಟ್ರಾನಿಕ್ ಚಿಪ್ ಅನ್ನು ಅದಕ್ಕೆ ತಾಗಿಸಿದರೆ ‘ಪೀ’ ಎನ್ನುತ್ತದೆ, ನೀವು ಬಂದಿರಿ ಎಂದು ದಾಖಲಾಗುತ್ತದೆ. ಒಂದಾದ ಮೇಲೆ ಒಂದು, ಅದೇ ಕ್ರಮದಲ್ಲಿ. ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದು ನಿಮ್ಮ ಇಷ್ಟ. ದಾರಿ ಬಿಟ್ಟು ಪೊದೆಗೆ ನುಗ್ಗುವಂತಿಲ್ಲ, ಸೈಕಲ್ ಬಿಟ್ಟು ಬರುವಂತಿಲ್ಲ. ಒಬ್ಬೊಬ್ಬರನ್ನಾಗಿ ಕೆಲವು ನಿಮಿಷ ಬಿಟ್ಟು ಕಳಿಸುತ್ತಾರೆ, ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸಿದರೋ ಅವರು ಗೆದ್ದರು. ಒಂದು ಪೆಟ್ಟಿಗೆ ತಪ್ಪಿದರೂ ಅಷ್ಟು ಹೊತ್ತು ತುಳಿದದ್ದೆಲ್ಲ ನೀರಲ್ಲಿ ಹೋಮ.

ಅಕ್ಕ ಈ ಆಟಕ್ಕೆ ಬಂದದ್ದು ತಡವಾಗಿ. ಭಾವನವರದು ಬೇಕರಿ. ಮನೆಮನೆಗೆ ಬ್ರೆಡ್ ಹಾಕುವ ಸೈಕಲ್ಲಿನ ಮುಂದಿನ ಬುಟ್ಟಿ ಬಿಚ್ಚಿಟ್ಟು ಅದರಲ್ಲೇ ಮೊದಲ ರೇಸಿಗೆ ಹೋಗಿದ್ದಳು. ನಕ್ಷೆ ಇಟ್ಟುಕೊಳ್ಳಲು ಹ್ಯಾಂಡಲ್ ಮೇಲೆ ಒಂದು ತಿರುಗುವ ಹಲಗೆ ಬೇಕು. ಅದನ್ನು ಕೊಳ್ಳಬೇಕು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕೇಕ್ ಡಬ್ಬದ ಮುಚ್ಚಳಕ್ಕೆ ತೂತು ಹೊಡೆದು, ಬೋಲ್ಟ್ ಹಾಕಿ, ಭಾವನವರೇ ಮಾಡಿಕೊಟ್ಟಿದ್ದರು. ಹೌದಲ್ಲವೇ ಭಾವಾ? ಆ ರೇಸಿನಲ್ಲಿ ಅವಳು ದಾರಿ ತಪ್ಪಿದಳು — ಹೌದು, ತಪ್ಪಿದಳು, ಎಷ್ಟು ಚೆನ್ನಾಗಿ ತಪ್ಪಿದಳೆಂದರೆ ಪಕ್ಕದ ಊರಿನ ಕಲ್ಲುಗಣಿಯವರು ನೀರು ಕುಡಿಸಿ ಕಳಿಸಿದರು. ವಾಪಸ್ ಬಂದಾಗ ಸಂಘದವರು ಮೇಜು ಮಡಚಿ ವ್ಯಾನಿಗೆ ಏರಿಸುತ್ತಿದ್ದರು. ಅಕ್ಕ ಸೈಕಲ್ಲಿಂದ ಇಳಿದು ಹೇಳಿದಳಂತೆ: ‘ಮೇಜು ಎತ್ತಿಬಿಟ್ರಾ? ಪರವಾಗಿಲ್ಲ, ಮೊಣಕಾಲ ಮೇಲಿಟ್ಕೊಂಡು ಬರ್ಕೊಳ್ಳಿ. ನಾನು ಬಂದಿದೀನಿ.’

ಕೊನೆಯವಳಾಗಿ ಬಂದವಳು ಮಾರನೆಯ ವಾರ ಮತ್ತೆ ಬಂದಳು. ಅದರ ಮಾರನೆಯ ವಾರವೂ ಬಂದಳು. ಆಗಲೇ ನಾನು ಅಕ್ಕ ದುಡಿಯುತ್ತಿದ್ದ ಆಂಬುಲೆನ್ಸ್ ಕರೆ ಕೇಂದ್ರಕ್ಕೆ ಸೇರಿದ್ದು, ಅವಳ ಪಕ್ಕದ ಕುರ್ಚಿ. ಕಿಟಕಿ ಇಲ್ಲದ ಕೋಣೆ, ತಲೆಗೆ ಹೆಡ್‌ಫೋನ್, ಎದುರಿಗೆ ಪರದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಸ್ವಂತ ಊರಿನಲ್ಲೇ ಬಸ್ಸಿನ ಬೋರ್ಡ್ ಕೂಡಿಸಿಕೊಂಡು ಓದುತ್ತಿದ್ದ ನನಗೆ ಬೀದಿಗಳ ಹೆಸರೇ ಬಾರದು. ಕರೆಗಳ ನಡುವೆ ಅಕ್ಕ ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ‘ಕಣ್ಣು ಮುಚ್ಚು. ಈಗ ಮಾರ್ಕೆಟ್‌ಗೆ ಹೋಗು. ಎಡಕ್ಕೆ ಏನಿದೆ?’ ‘ಬ್ಯಾಂಕು.’ ‘ಬ್ಯಾಂಕು ಮುಗಿದು ಹೋಯ್ತು ಮಹರಾಯ್ತಿ, ನೀನೀಗ ಚರಂಡಿ ಒಳಗಿದೀಯ.’ ಹೀಗೆ ಬೈದು ಬೈದೇ ಒಂದು ದಿನ ನನ್ನನ್ನೂ ಸೈಕಲ್ ಹತ್ತಿಸಿದಳು.

ಅವಳು ನನಗೆ ಕಲಿಸಿದ ಪಾಠ ಒಂದೇ. ‘ನೆಲದ ಮೇಲಿರೋ ಚಕ್ರದ ಗುರುತು ನೋಡಿಕೊಂಡು ಹೋಗ್ಬೇಡ. ಮುಂದಿನೋಳು ಎಲ್ಲಿಗೆ ಹೋಗಿದಾಳೋ ಯಾರಿಗೆ ಗೊತ್ತು. ನಕ್ಷೆ ನೋಡು, ನೆಲ ನೋಡು, ಎರಡೂ ಒಂದೇ ಮಾತು ಹೇಳ್ತಿದ್ರೆ ಮಾತ್ರ ತುಳಿ.’ ನಮ್ಮ ತಂಡದವರು ಅವಳಿಗೆ ‘ಹೆಡ್‌ಮಿಸ್’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಹೆಡ್‌ಮಿಸ್ ಗೆದ್ದದ್ದನ್ನು ಹೇಳಬೇಕಲ್ಲ. ವಲಯ ಮಟ್ಟದಲ್ಲಿ ಗೆದ್ದಳು, ಮರುವರ್ಷವೂ ಗೆದ್ದಳು. ಮೂವರು ಹೆಂಗಸರ ರಿಲೇಯಲ್ಲಿ ನಾನು ಬಿದ್ದು ಹಾಳುಮಾಡಿದ ಸಮಯವನ್ನೆಲ್ಲ ಕೊನೆಯ ಸುತ್ತಿನಲ್ಲಿ ವಾಪಸ್ ತಂದುಕೊಟ್ಟಳು. ಹೊರದೇಶದ ಪಂದ್ಯಕ್ಕೆ ಹೋದಾಗ ಅರ್ಧ ದಾರಿಯಲ್ಲಿ ಹಿಂದಿನ ಗೇರ್ ಮುರಿದು ಚೈನ್ ತುಂಡಾಯಿತು. ಸೈಕಲ್ ಬಿಟ್ಟು ಬರುವಂತಿಲ್ಲ ಎಂದೆನಲ್ಲ — ಇಳಿಜಾರಿನಲ್ಲಿ ಕೂತು ಜಾರಿದಳು, ಸಮತಟ್ಟಿನಲ್ಲಿ ತಳ್ಳಿದಳು, ಏರಿನಲ್ಲಿ ಹೀಗೆ ಹೆಗಲ ಮೇಲೆ ಹೊತ್ತಳು. ಎಲ್ಲ ಪೆಟ್ಟಿಗೆಗಳನ್ನೂ ಮುಟ್ಟಿದಳು. ಅಲ್ಲಿ ಮೈಕ್ ಹಿಡಿದಿದ್ದವನಿಗೆ ಇವಳ ಹೆಸರು ನಾಲಿಗೆಗೆ ತಿರುಗಲಿಲ್ಲ. ಕೊನೆಗೆ ‘ಸೈಕಲ್ ಹೊತ್ತ ಮೇಡಂ ಬರುತ್ತಿದ್ದಾರೆ’ ಎಂದೇ ಕೂಗಿದ. ಭಾಷೆ ಬಾರದ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ನಮ್ಮ ಸಂಘದವರು ಅವಳು ಊರಿಗೆ ಬಂದಾಗ ಕೇಳಿದ್ದು, ‘ಸಂಘದ ಜರ್ಸಿ ಹರಿದುಬಿಟ್ಟಿದ್ದೀರಲ್ಲಾ?’

ನಗಬೇಡಿ. ಇದು ನಗುವ ವಿಷಯವಲ್ಲ. — ಸರಿ, ಒಂದು ಸಲ ನಕ್ಕುಬಿಡಿ. ಅಕ್ಕನೂ ನಕ್ಕಿದ್ದಳು.

ಈಗ ಆ ರೇಸಿಗೆ ಬರುತ್ತೇನೆ. ವಿಶ್ವ ಪಂದ್ಯಕ್ಕೆ ಆಯ್ಕೆ. ಮೊದಲ ಸ್ಥಾನದವಳಿಗೆ ಮಾತ್ರ ಟಿಕೆಟ್. ಅಕ್ಕ ಆ ವರ್ಷ ಎಂಥಾ ಲಯದಲ್ಲಿದ್ದಳೆಂದರೆ, ನಾವೆಲ್ಲ ಎರಡನೆಯ ಸ್ಥಾನಕ್ಕೇ ಜಗಳವಾಡುತ್ತಿದ್ದೆವು.

ಏಳನೆಯ ಪೆಟ್ಟಿಗೆ ಇರಬೇಕಾಗಿದ್ದದ್ದು ಗುಡ್ಡದ ಮೇಲಿನ ಕವಲಿನಲ್ಲಿ, ಬಿದ್ದುಹೋದ ಕಲ್ಲುಗೋಡೆಯ ಮೂಲೆಗೆ. ಕೆಳಗೆ ಇನ್ನೊಂದು ಕವಲು ಇದೆ, ಅಲ್ಲಿಯೂ ಅಂಥದೇ ಬಿದ್ದ ಗೋಡೆ. ಸ್ಪರ್ಧೆಗೆ ವಾರ ಮುಂಚೆ ಜಾಗ ಗೊತ್ತುಮಾಡುವವರು ಬಂದು, ಪೆಟ್ಟಿಗೆ ಬರಬೇಕಾದ ಕಡೆ ಗಿಡಕ್ಕೆ ಒಂದು ಟೇಪು ಕಟ್ಟಿ, ಅದರ ಮೇಲೆ ಸಂಖ್ಯೆ ಬರೆದು ಹೋಗುತ್ತಾರೆ. ಸ್ಪರ್ಧೆಯ ಮುಂಜಾನೆ ಬೇರೆಯವರು ಬಂದು ಆ ಟೇಪು ಹುಡುಕಿ ಪೆಟ್ಟಿಗೆ ಇಡುತ್ತಾರೆ. ಇದು ನಮ್ಮ ಪದ್ಧತಿ. ಆ ಮುಂಜಾನೆ ಬಂದವರು ಕೆಳಗಿನ ಗೋಡೆ ನೋಡಿದರು, ಇದೇ ಇರಬೇಕು ಎಂದುಕೊಂಡರು, ಟೇಪು ಹುಡುಕದೆ ಪೆಟ್ಟಿಗೆ ಇಟ್ಟು ಹೋದರು. ಮನುಷ್ಯರು, ತಪ್ಪುತ್ತಾರೆ. ನನ್ನ ಸಿಟ್ಟು ಅವರ ಮೇಲಿಲ್ಲ.

ಆರನೆಯದರಿಂದ ಏಳನೆಯದಕ್ಕೆ ಹೋಗಲು ಎರಡು ದಾರಿ. ಕೆಳಗಿನದು ಅಗಲ, ಸುಲಭ, ಸುತ್ತು. ಮೇಲಿನದು ಕಡಿದು, ಕಲ್ಲು, ಹತ್ತಿರ. ಉಳಿದವರೆಲ್ಲ ಕೆಳಗಿನದನ್ನು ಹಿಡಿದರು ಎಂದೇ ನಾವು ತಿಳಿದಿದ್ದೆವು. ಹೋಗುವ ದಾರಿಯಲ್ಲೇ ಬಾವುಟ ಕಣ್ಣಿಗೆ ಬಿತ್ತು, ಸಂಖ್ಯೆಯೂ ಸರಿ ಇತ್ತು, ‘ಪೀ’ ಅನ್ನಿಸಿಕೊಂಡು ಮುಂದೆ ಹೋದರು. ನಕ್ಷೆ ಏನು ಹೇಳುತ್ತದೆ ಎಂದು ಯಾರು ನೋಡುತ್ತಾರೆ? ಅಕ್ಕ ಮೇಲಿನದನ್ನು ಹಿಡಿದಳು. ಅದನ್ನು ತುಳಿದು ಏರುವ ತೊಡೆ ಅವಳಿಗಿತ್ತು. ಮೇಲಿಂದ ನೇರ ಕವಲಿಗೆ ಬಂದು ಇಳಿದಳು. ಗೋಡೆ ಇದೆ. ಮೂಲೆ ಇದೆ. ಗಿಡಕ್ಕೆ ಟೇಪು ಇದೆ, ಟೇಪಿನ ಮೇಲೆ ಸಂಖ್ಯೆ ಇದೆ. ಪೆಟ್ಟಿಗೆ ಇಲ್ಲ. ಸುತ್ತಮುತ್ತ ಹುಡುಕಿದಳು. ಇಲ್ಲ. ಸರಿಯಾದ ಜಾಗಕ್ಕೆ ಸರಿಯಾಗಿ ಬಂದವಳು ಅವಳು — ಅಲ್ಲಿ ಅವಳಿಗಾಗಿ ಏನೂ ಇರಲಿಲ್ಲ.

ಮುಂದೆ ಹೋದಳು, ಉಳಿದದ್ದೆಲ್ಲ ಮುಟ್ಟಿದಳು. ಹುಡುಕಾಡಿದ ಸಮಯವೂ ಸೇರಿ, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದಳು. ಫಿನಿಶ್ ಗೆರೆಯಲ್ಲಿ ಆ ಕೂಗು ಕೂಗಿದಳು.

ಟೆಂಟಿನಲ್ಲಿ ತೀರ್ಪುಗಾರರು ಕೂತಿದ್ದರು, ಕೈಯಲ್ಲಿ ಟೀ ಲೋಟ. ನಾನೂ ಹಿಂದೆಯೇ ಹೋದೆ, ಆ ಮಾತುಗಳೆಲ್ಲ ನನಗೆ ಬಾಯಿಪಾಠ.

‘ಉಳಿದೋರಿಗೆಲ್ಲ ಸಿಕ್ಕಿದೆಯಲ್ಲಮ್ಮ, ನಿಮಗೊಬ್ಬರಿಗೇ ಯಾಕೆ ಸಿಗ್ಲಿಲ್ಲ?’

‘ಅವರು ಹೋದ ದಾರೀಲಿತ್ತು ಸಾರ್. ನಕ್ಷೇಲಿರೋ ಜಾಗದಲ್ಲಿ ಇರ್ಲಿಲ್ಲ.’

‘ಅಂದ್ರೆ ಅವರೆಲ್ಲ ತಪ್ಪು, ನೀವೊಬ್ರೇ ಸರಿ.’

‘ಅವರದ್ದೇನೂ ತಪ್ಪಿಲ್ಲ. ಪೆಟ್ಟಿಗೆ ಇಟ್ಟಿದ್ದು ತಪ್ಪು. ಈಗ್ಲೇ ಬನ್ನಿ, ತೋರಿಸ್ತೀನಿ. ಟೇಪು ಅಲ್ಲೇ ಇದೆ.’

‘ಊಟ ಬಂತಲ್ಲಮ್ಮ. ಊಟ ಮುಗಿಸಿ ನೋಡೋಣ.’

ಊಟ ಮುಗಿಸಿದರು. ಅಷ್ಟರಲ್ಲಿ ಸ್ವಯಂಸೇವಕರು ಗುಡ್ಡಕ್ಕೆ ಹೋಗಿ ಬಾವುಟ, ಪೆಟ್ಟಿಗೆ, ಟೇಪು ಎಲ್ಲ ಕಿತ್ತು ಮೂಟೆ ಕಟ್ಟಿ ವ್ಯಾನಿಗೆ ಹಾಕಿದ್ದರು. ತೀರ್ಪುಗಾರರು ಹೊಟ್ಟೆ ಸವರಿಕೊಂಡು ಗುಡ್ಡ ಹತ್ತಿ, ಗಿಡ ನೋಡಿ, ಇಳಿದು ಬಂದರು. ‘ಏನೂ ಇಲ್ವಲ್ಲಮ್ಮ.’ ಏನಿರುತ್ತದೆ? ಸಾಕ್ಷಿ ಇದ್ದಾಗ ನಿಮಗೆ ಹಸಿವಾಗಿತ್ತು!

ನಾನು ಅಕ್ಕನ ಮೇಲೇ ರೇಗಿದೆ. ‘ಆ ಟೇಪು ಕಿತ್ಕೊಂಡು ಬರೋಕೆ ಏನಾಗಿತ್ತು ನಿನಗೆ?’ ಅವಳು ನನ್ನನ್ನು ಹೇಗೆ ನೋಡಿದಳೆಂದರೆ, ನಾನು ಯಾರದೋ ಕಿಸೆಗೆ ಕೈ ಹಾಕು ಅಂದೆನೇನೋ ಎಂಬಂತೆ. ‘ಅಲ್ಲಿರೋದನ್ನ ಆಟಗಾರರು ಮುಟ್ಟಬಾರ್ದು ಕಣೇ. ನನ್ನ ಹಿಂದೆ ಬರೋಳಿಗೆ ಅದೇ ಗುರುತಾಗಬಹುದು.’

ಇದು ಅವಳ ಗುಣ, ಕಾರ್ಯದರ್ಶಿಗಳೇ. ಬರೆದುಕೊಳ್ಳಿ. ಒಂದು.

ಆ ದಿನ ಚಿನ್ನ ಹೋದದ್ದು ಪಟಾಕಿಗೆ. ತಂಡದವರಿಗೆಲ್ಲ ಪಟಾಕಿ ಗೊತ್ತು. ಬಾಯಿ ತೆರೆದರೆ ಸರದ ಹಾಗೆ ಸಿಡಿಯುತ್ತಾಳೆ ಎಂದು ಆ ಹೆಸರು. ವಿಶ್ವ ಪಂದ್ಯಕ್ಕೂ ಅವಳೇ ಹೋದಳು. ಆಮೇಲೆ ಯಾಕೋ ಆಟ ಬಿಟ್ಟಳು, ದೂರದ ಕಡಲತೀರದ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟಳು, ನಮ್ಮ ಫೋನಿಗೂ ಉತ್ತರ ಕೊಡುವುದನ್ನು ನಿಲ್ಲಿಸಿದಳು. ಮದುವೆಯಾಗಿ ದೊಡ್ಡವಳಾಗಿಬಿಟ್ಟಳು ಎಂದು ನಾವು ಆಡಿಕೊಂಡೆವು.

ಅಕ್ಕ ದೂರು ಕೊಟ್ಟಳು. ಅವಳು ಪದಕ ಕೇಳಲಿಲ್ಲ. ಟಿಕೆಟ್ಟೂ ಕೇಳಲಿಲ್ಲ, ವಿಮಾನ ಅಷ್ಟರಲ್ಲಿ ಹಾರಿಹೋಗಿತ್ತು. ‘ಏಳನೆಯ ಪೆಟ್ಟಿಗೆ ತಪ್ಪು ಜಾಗದಲ್ಲಿತ್ತು’ ಎಂದು ಫಲಿತಾಂಶದ ಕೆಳಗೆ ಒಂದು ಸಾಲು ಬರೆಯಿರಿ ಎಂದಳು. ಒಂದು ಸಾಲು! ಅದನ್ನು ಯಾಕೆ ಇಷ್ಟು ಹಟ ಹಿಡಿದು ಕೇಳಿದಳು ಎಂದು ಸಂಘದವರಿಗೆ ಅರ್ಥವಾಗಲಿಲ್ಲ. ಹಿಂದೆ ಕೂತಿರುವ ನಮ್ಮ ಕರೆ ಕೇಂದ್ರದವರಿಗೆ ಅರ್ಥವಾಗುತ್ತದೆ. ನಮ್ಮಲ್ಲಿ ಒಂದು ರೂಢಿಯಿದೆ. ಆಂಬುಲೆನ್ಸ್ ತಪ್ಪು ಬಾಗಿಲಿಗೆ ಹೋದರೆ, ಪಾಳಿ ಮುಗಿಯುವ ಮೊದಲು ಎದ್ದುನಿಂತು ಕೋಣೆಗೆಲ್ಲ ಕೇಳುವ ಹಾಗೆ ಹೇಳಬೇಕು: ‘ಇಂಥ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ ಇವೆ, ನಾನು ತಪ್ಪು ಮನೆಗೆ ಕಳಿಸಿದೆ.’ ಯಾರೂ ಬೈಯುವುದಿಲ್ಲ. ಹೇಳದಿದ್ದರೆ ಮಾತ್ರ ಬೈಯುತ್ತಾರೆ. ಯಾಕೆಂದರೆ ಮುಂದಿನ ಪಾಳಿಯವರು ಅದೇ ತಪ್ಪು ಬಾಗಿಲಿಗೆ ಗಾಡಿ ಕಳಿಸುತ್ತಾರೆ, ಸರಿಯಾದ ಬಾಗಿಲ ಹಿಂದೆ ಯಾರದೋ ಉಸಿರು ನಿಲ್ಲುತ್ತಿರುತ್ತದೆ. ಅಂಥ ಕೋಣೆಯಲ್ಲಿ ದುಡಿದವಳಿಗೆ ನೀವು ‘ಹೋಗಲಿ ಬಿಡಮ್ಮ’ ಎಂದಿರಿ. ಅವಳಿಗೆ ಆ ಮಾತು ಬರುವುದೇ ಇಲ್ಲ.

ಮೊದಲು ‘ಸಮಿತಿ ಸೇರಲಿ’ ಎಂದಿರಿ. ಸಮಿತಿ ಸೇರಿತು, ಅಧ್ಯಕ್ಷರು ಊರಲ್ಲಿರಲಿಲ್ಲ. ಅಧ್ಯಕ್ಷರು ಬಂದರು, ತೀರ್ಪುಗಾರರು ಬದಲಾದರು. ಹೊಸಬರು ‘ಹಳೇದೆಲ್ಲ ನಮಗ್ಯಾಕೆ’ ಎಂದರು. ಆಮೇಲಿನ ಆಯ್ಕೆಗೆ ಅಕ್ಕ ಬಂದರೆ ‘ವಯಸ್ಸಾಯ್ತಲ್ಲ, ಹೊಸಬರಿಗೆ ಬಿಡಿ’ ಎಂದಿರಿ. ಸೈಕಲ್ ಬಿಡಲಿಲ್ಲ ಅವಳು. ಹಿರಿಯರ ವಿಭಾಗದಲ್ಲಿ ತುಳಿದಳು. ರಕ್ತದ ಕಾಯಿಲೆ ಎಂದು ಗೊತ್ತಾದ ಮೇಲೂ, ಡಾಕ್ಟರು ಬೇಡ ಎನ್ನುವವರೆಗೂ ತುಳಿದಳು.

ಇನ್ನು ನಾನು ಹೇಳುವುದನ್ನು ಅಮ್ಮ ಕೇಳಬಾರದಿತ್ತು, ಆದರೂ ಕೇಳಲಿ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಸಂಘದಿಂದ ಫೋನ್ ಬಂತು. ನಾನು ಮಂಚದ ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತಿದ್ದೆ. ದೂರಿನ ವಿಚಾರಣೆ ಕೊನೆಗೂ ಇಟ್ಟಿದ್ದಾರಂತೆ, ಅಕ್ಕ ಹಾಜರಾಗಬೇಕಂತೆ. ಅಕ್ಕ ‘ಬರೋಕಾಗಲ್ಲ ಸಾರ್’ ಎಂದಳು. ‘ದೂರು ಕೊಟ್ಟೋರೇ ಬರದಿದ್ರೆ ನಾವು ಹೇಗೆ ಕೇಳೋದಮ್ಮ?’ ಅಕ್ಕನ ಮೂಗಿನಲ್ಲಿ ನಳಿಕೆ ಇತ್ತು, ಆದರೂ ದನಿ ಕರೆ ಕೇಂದ್ರದ್ದೇ. ‘ನಾನು ಎರಡನೇ ಮಹಡಿ ವಾರ್ಡಲ್ಲಿದೀನಿ ಸಾರ್. ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದ್ರೆ ಮೊದಲನೇ ಬಾಗಿಲು. ದಾರಿ ತಪ್ಪೋಕೆ ಆಗಲ್ಲ, ಬನ್ನಿ.’ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನರ್ಸ್ ಬಂದು ನನಗೆ ಗದರಿದರು.

ಅವರು ಬರಲಿಲ್ಲ. ವಿಚಾರಣೆ ಮುಂದಕ್ಕೆ ಹೋಯಿತು. ಅವಳು ಹೋದಳು.

ಈ ಹೊತ್ತು ಇಲ್ಲಿಗೆ ಬಂದಾಗ ನಾನು ಬಾಗಿಲಲ್ಲೇ ಕಾರ್ಯದರ್ಶಿಗಳನ್ನು ಕೇಳಿದೆ, ‘ಸಾರ್, ಅಕ್ಕನ ದೂರಿನ ಕಥೆ ಏನು?’ ಅವರು ಏನೆಂದರು ಗೊತ್ತೇ? ನೀವೇ ಹೇಳಿ ಸಾರ್. ಬೇಡವೇ? ನಾನೇ ಹೇಳುತ್ತೇನೆ. ‘ದೂರು ಕೊಟ್ಟವರೇ ಇಲ್ಲ ಅಂದ್ಮೇಲೆ ದೂರು ಎಲ್ಲಿಂದ ಬರತ್ತಮ್ಮ? ಸೋಮವಾರ ಸಮಿತಿ ಇದೆ, ಗೌರವದಿಂದ ಮುಚ್ಚಿಬಿಡ್ತೀವಿ.’ ಗೌರವದಿಂದ! ನಾನು ಬಿಡಲಿಲ್ಲ. ‘ಅಮ್ಮ ಇದಾರಲ್ಲ, ಭಾವ ಇದಾರಲ್ಲ, ಅವರು ಮುಂದುವರಿಸ್ತಾರೆ’ ಎಂದೆ. ಅದಕ್ಕೆ ಅವರು ನಕ್ಕು, ನನ್ನ ಹೆಗಲು ತಟ್ಟಿ ಹೇಳಿದರು: ‘ಅವರೇನು ಗುಡ್ಡದ ಮೇಲಿದ್ರಾ? ನೀನಿದ್ಯಾ? ಆ ರೇಸಲ್ಲಿ ಸೈಕಲ್ ಹೊಡೆದೋರು ಒಬ್ಬರು ಬಂದು, ಮೇಲಿನ ಕವಲಲ್ಲಿ ಪೆಟ್ಟಿಗೆ ಇರ್ಲಿಲ್ಲ, ನಾನು ಕಣ್ಣಾರೆ ನೋಡ್ದೆ ಅಂತ ಸಮಿತಿ ಮುಂದೆ ಹೇಳ್ಲಿ. ನಾನೇ ಆ ಸಾಲು ಬರೀತೀನಿ.’

ಇಷ್ಟು ಜನರ ಎದುರಿಗೆ ಕೇಳುತ್ತೇನೆ ಸಾರ್. ಹೀಗೆ ಹೇಳಿದಿರೋ ಇಲ್ಲವೋ? — ತಲೆ ಆಡಿಸಿದರೆ ಸಾಲದು. — ಹೇಳಿದಿರಿ. ಸರಿ. ಎಲ್ಲರೂ ಕೇಳಿಸಿಕೊಂಡಿರಿ ತಾನೇ? ಅಧ್ಯಕ್ಷರೇ, ನೀವೂ?

ಈಗ ನಾನು ನಿನ್ನೆಯ ಸಂಗತಿ ಹೇಳುತ್ತೇನೆ. ನಿನ್ನೆ ನನಗೆ ಒಂದು ಫೋನ್ ಬಂತು. ಗುರುತಿಲ್ಲದ ನಂಬರು.

‘ಮದುವೆ ಆಯ್ತಂತೆ ನಿನಗೆ. ಒಂದು ಮಾತು ಹೇಳ್ಲಿಲ್ಲ ನೋಡು.’

‘ಯಾರಿದು?’

‘ನಾನು ಕಣೇ. ಪಟಾಕಿ.’

ಅತ್ತ ಕಡೆ ಅಂಗಡಿಯ ಶಟರ್ ಎಳೆದ ಸದ್ದು ಕೇಳಿಸಿತು.

‘ನಾನೂ ಮೇಲಿಂದಾನೇ ಬಂದೆ,’ ಎಂದಳು.

‘ಎಲ್ಲಿಗೆ?’

‘ಏಳನೇದಕ್ಕೆ. ಅಕ್ಕನ ಹಿಂದೆ ಹೊರಟಿದ್ದು ನಾನೇ ಅಲ್ವಾ. ಅವಳ ಹಾಗೇ ಮೇಲಿನ ದಾರಿ ಹಿಡಿದೆ. ಗೋಡೆ ಹತ್ರ ಬಂದೆ. ಟೇಪು ನೋಡ್ದೆ, ನಂಬರ್ ನೋಡ್ದೆ. ಪೆಟ್ಟಿಗೆ ಇರ್ಲಿಲ್ಲ. ನಾನೇ ತಪ್ಪಿದೆ ಅಂತ ಗಾಬರಿಯಾಗಿ ಕೆಳಗಿಳಿದೆ, ಅಲ್ಲಿ ಬಾವುಟ ಕಾಣಿಸ್ತು.’

‘ಮತ್ತೆ ಟೆಂಟಲ್ಲಿ ಬಾಯಿ ಹೊಲ್ಕೊಂಡಿದ್ಯಾ?’

‘ಹೇಳೋಣ ಅಂತಾನೇ ಬಂದೆ. ಅಷ್ಟರಲ್ಲಿ ಎಲ್ರೂ ಕೈ ಕುಲುಕೋಕೆ ಶುರು ಮಾಡಿದ್ರು. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಆ ನಾಳೆ ಬರ್ಲೇ ಇಲ್ಲ.’

ನಾನು ಬೈದೆ. ಹೊಸದಾಗಿ ಮದುವೆಯಾದ ಹೆಣ್ಣು ಆಡಬಾರದ ಮಾತೆಲ್ಲ ಆಡಿದೆ. ನಮ್ಮವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದರು, ಕಳ್ಳ ಬಂದಿದ್ದಾನೆ ಎಂದು. ಅಕ್ಕ ಬದುಕಿದ್ದಾಗ ಎಲ್ಲಿ ಹೋಗಿತ್ತು ಈ ಬಾಯಿ ಎಂದೆ. ಅವಳು ಮಂಚದ ಮೇಲೆ ನಳಿಕೆ ಹಾಕಿಕೊಂಡು ದಾರಿ ಹೇಳುತ್ತಿದ್ದಾಗ ನೀನು ಯಾರ ಮೂಗಿಗೆ ಕನ್ನಡಕ ಏರಿಸುತ್ತಿದ್ದೆ ಎಂದೆ. ನಿನ್ನ ಮೇಲೆ ನನಗಿರುವ ಸಿಟ್ಟು ಈ ಜನ್ಮಕ್ಕೆ ಇಳಿಯುವುದಿಲ್ಲ ಎಂದೆ. ಇಳಿದೂ ಇಲ್ಲ. ಒಬ್ಬಳು ಒಂದು ಮಾತು ಹೇಳಿದ್ದರೆ ಅಕ್ಕ ವಿಶ್ವ ಪಂದ್ಯದಲ್ಲಿ ತುಳಿಯುತ್ತಿದ್ದಳು. ಅದನ್ನು ಯಾವ ಸಮಿತಿಯೂ ಇನ್ನು ವಾಪಸ್ ಕೊಡಲಾರದು, ಪಟಾಕಿಯೂ ಕೊಡಲಾರಳು.

ಪಟಾಕಿ ಎಲ್ಲ ಬೈಸಿಕೊಂಡಳು. ಕೊನೆಗೆ ಮೂಗು ಒರೆಸಿಕೊಂಡು ಕೇಳಿದಳು: ‘ಮುಗೀತಾ? ಇನ್ನೂ ಇದ್ರೆ ಎದುರಿಗೇ ಬೈಯಿ. ನಾನು ಬರ್ತೀನಿ. ಪದಕ ಅಮ್ಮನ ಕೈಗೆ ಕೊಡ್ತೀನಿ, ಅವರು ಬೇಡ ಅಂದ್ರೆ ಸಂಘದ ಮೇಜಿನ ಮೇಲೆ ಇಡ್ತೀನಿ. ಯಾರ ಮುಂದೆ ಹೇಳ್ಬೇಕೋ ಹೇಳು, ಹೇಳ್ತೀನಿ.’

— ಸಾರ್, ನೀರು ಕುಡಿಯಿರಿ. ಯಾರಾದರೂ ಕಾರ್ಯದರ್ಶಿಗಳಿಗೆ ನೀರು ಕೊಡಿ.

ಅಮ್ಮಾ, ನಿಮಗೆ ಇದನ್ನು ಮನೆಯಲ್ಲೇ ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ. ನಿಮ್ಮ ಮಗಳನ್ನು ಅನರ್ಹ ಎಂದದ್ದು ಊರಿನ ಎದುರಿಗೆ, ಮೈಕ್‌ನಲ್ಲಿ. ಅದಕ್ಕೇ ಇದೂ ಮೈಕ್‌ನಲ್ಲೇ ನಿಮಗೆ ಕೇಳಿಸಲಿ ಎಂದು ಕಾದೆ. ಅವಳು ಸರಿಯಾದ ಜಾಗದಲ್ಲಿದ್ದಳು ಅಮ್ಮ. ಅವಳ ಹಿಂದೆಯೇ ಬಂದವಳು ನೋಡಿದ್ದಾಳೆ.

ಸೋಮವಾರ ಸಮಿತಿ ಎಂದು ಬಾಗಿಲಲ್ಲಿ ತಿಳಿದ ತಕ್ಷಣ ಪಟಾಕಿಗೆ ಫೋನ್ ಮಾಡಿ ಹೇಳಿದ್ದೇನೆ. ಜೊತೆಗಾರರೇ, ಸೋಮವಾರ ಯಾರೂ ‘ಕೆಲಸ ಇದೆ’ ಎನ್ನಬೇಡಿ. ಸಮಿತಿಯ ಕೋಣೆ ಚಿಕ್ಕದು, ನಮ್ಮನ್ನು ಒಳಗೆ ಬಿಡದಿದ್ದರೆ ಮೆಟ್ಟಿಲ ಮೇಲೆ ಸೈಕಲ್ ಒರಗಿಸಿಕೊಂಡು ನಿಲ್ಲೋಣ. ಪಟಾಕಿಯ ಧೈರ್ಯ ಎಷ್ಟು ಹೊತ್ತು ಇರುತ್ತದೋ ನನಗೆ ಗೊತ್ತಿಲ್ಲ. ಒಂದು ಸಲ ಟೆಂಟಿನ ಬಾಗಿಲವರೆಗೆ ಬಂದು ಹಿಂದಿರುಗಿದವಳು ಅವಳು. ಅವಳು ರೈಲಿನಿಂದ ಇಳಿದ ಗಳಿಗೆಯಿಂದ ಸಮಿತಿಯ ಮೇಜಿನವರೆಗೆ ಅವಳ ಎರಡೂ ಪಕ್ಕಕ್ಕೆ ನಾವಿರಬೇಕು. ಸಿಟ್ಟು ಆಮೇಲೆ ತೀರಿಸಿಕೊಳ್ಳೋಣ. ಮೊದಲ ಸರದಿ ನನ್ನದು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಮ್ಮಾ, ನೀವು ಕೂತೇ ಇರಿ. ಭಾವಾ, ಅಮ್ಮನ ಕೈ ಹಿಡಿದುಕೊಳ್ಳಿ. ಕಾರ್ಯದರ್ಶಿಗಳೇ, ಅಧ್ಯಕ್ಷರೇ, ನೀವೂ ಏಳಿ. ಸುಮ್ಮನಿರುವುದು ನಮ್ಮ ಸಂಘಕ್ಕೆ ಚೆನ್ನಾಗಿ ರೂಢಿಯಾಗಿದೆ, ಅದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಈ ಒಂದು ನಿಮಿಷ ಮುಚ್ಚಿಡುವುದಕ್ಕಲ್ಲ, ಅಕ್ಕನಿಗೆ. ತಲೆ ತಗ್ಗಿಸಿ ನಿಲ್ಲಿ, ಅವಳನ್ನು ನೆನೆಯಿರಿ. ನಿಮಿಷ ಮುಗಿದ ಮೇಲೆ ಅವಳ ವಿಷಯದಲ್ಲಿ ಯಾರೂ ಸುಮ್ಮನಿರಬೇಡಿ.

ಬಾಯಿ ಮುಚ್ಚುವ ಮೊದಲು ಇದೊಂದು ತಲೆಯಲ್ಲಿ ಇಟ್ಟುಕೊಳ್ಳಿ. ಪಟಾಕಿ ಬರುವುದು ಸೋಮವಾರ, ಕಡಲ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್‌ನಲ್ಲಿ.